ಕಸ ತಡೆಯಲು ಬಂದ ಸರಕಾರ

ನಾನು ಕಾಸರಗೋಡಿನವಳು. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರಾಗಿ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ದುಡಿದವಳು. ಅರವತ್ತು, ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಎಲ್ಲಿ ಮನೆ ಹಿಡಿದರೂ ಪಕ್ಕದಲ್ಲಿ ಯಾರೋ ಕಸ ಸುರಿಯುತ್ತಿದ್ದರು. ಅದನ್ನು ತಡೆಯಲು ಸರಕಾರ ಬಂತೆಂದರೆ ನನ್ನ ಸಿಟ್ಟು ಇಮ್ಮಡಿಯಾಗುತ್ತಿತ್ತು.

೧. ದಂಡ

ಮೊದಲ ಬಾಡಿಗೆಮನೆ ಕೊಚ್ಚಿಯ ವೈಟ್ಟಿಲದಲ್ಲಿ. ಪಕ್ಕದ ಹೋಟೆಲಿನವನು ಎಂಜಲೆಲೆ, ಮೀನಿನ ತಲೆ ಎಲ್ಲವನ್ನೂ ನನ್ನ ಅಡಿಗೆಮನೆ ಕಿಟಕಿಯ ಕೆಳಗಿನ ಗದ್ದೆಗೆ ಎಸೆಯುತ್ತಿದ್ದ. ದೂರು ಕೊಟ್ಟು ಕೊಟ್ಟು, ಕೊನೆಗೊಮ್ಮೆ ಹೆಲ್ತ್ ಇನ್‌ಸ್ಪೆಕ್ಟರು ಬಂದು ದಂಡ ಹಾಕಿದರು. ಮರುದಿನ ಕಿಟಕಿ ತೆರೆದರೆ ಮೊದಲಿಗಿಂತ ದೊಡ್ಡ ರಾಶಿ!

"ನಾಚಿಕೆ ಇಲ್ಲವಾ? ನಿನ್ನೆಯಷ್ಟೇ ದಂಡ ಕಟ್ಟಿದ್ದೀರಿ!" ಎಂದು ಕಿರುಚಿದೆ.

"ಅದಕ್ಕೇ ಚೇಚಿ," ಎಂದ ಅವನು. "ದಂಡವನ್ನೂ ಕಟ್ಟಿ, ಕಸವನ್ನೂ ಹಾಕದಿದ್ದರೆ ನಷ್ಟ ಯಾರಿಗೆ?"

೨. ಸೀಟಿ

ಆ ಮನೆ ಬಿಟ್ಟು ಕಾಲುವೆಯ ಬದಿಗೆ ಬಂದೆ. ಅಲ್ಲಿ ಸಿಗಡಿ ಸುಲಿಯುವ ಶೆಡ್ಡಿನವರು ಸಿಪ್ಪೆಯನ್ನೆಲ್ಲ ನೀರಿಗೇ ಸುರಿಯುತ್ತಿದ್ದರು. ಸಿಪ್ಪೆಯಿಂದ ಕಾಲುವೆ ತುಂಬಿ, ಅಂಗಡಿಗೆ ಅಕ್ಕಿ ತರುತ್ತಿದ್ದ ದೋಣಿ ಬರುವುದು ನಿಂತಿತು. ಅಕ್ಕಿ ಲಾರಿಯಲ್ಲಿ ಬಂತು, ಲಾರಿಯ ಖರ್ಚೂ ಸೇರಿ ರೇಟು ಏರಿತು. ನೋಡಿ ಮಾರಾಯ್ರೆ, ಸಿಪ್ಪೆ ಅವರದ್ದು, ಬೆಲೆ ಕೊಡುವವಳು ನಾನು!

ಕೊನೆಗೆ ನಗರಸಭೆ ಒಬ್ಬ ಕಾವಲುಗಾರನನ್ನು ನೇಮಿಸಿತು. ಅವನು ಬೀದಿಯ ಆ ತುದಿಯಿಂದಲೇ ಸೀಟಿ ಊದುತ್ತಾ ಬರುತ್ತಿದ್ದ. ತಲುಪುವಷ್ಟರಲ್ಲಿ ಬುಟ್ಟಿ ಖಾಲಿ, ಜನ ಮಾಯ.

"ಚೇಟ್ಟಾ, ಸದ್ದು ಮಾಡದೆ ಬಂದು ಹಿಡಿಯಬಾರದಾ?"

ಅವನು ಬೆಚ್ಚಿಬಿದ್ದ. "ಅಯ್ಯೋ, ಹಿಡಿದ ಮೇಲೆ ಏನು ಮಾಡುವುದೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ!"

೩. ಮಂತ್ರಿಗಳು ಬಂದದ್ದು

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ನಮ್ಮ ಮನೆ ಎದುರಿನ ಖಾಲಿ ಜಾಗದಲ್ಲಿ ಊರ ಕಸವೆಲ್ಲ ಬೀಳುತ್ತಿತ್ತು. ಅದನ್ನು ತೆಗೆಸಲು ಮಂತ್ರಿಗಳೇ ಬರುತ್ತಾರೆಂದರು. ಕಾದು ಕಾದು ರೋಸಿ, ನಾನೂ ನೆರೆಯ ಹೆಂಗಸರೂ ಸೀರೆ ಎತ್ತಿಕಟ್ಟಿ ಎಲ್ಲವನ್ನೂ ಗುಡಿಸಿ, ಗುಂಡಿ ತೋಡಿ ಹೂತೆವು.

ಮರುದಿನವೇ ಜೀಪಿನಲ್ಲಿ ಅಧಿಕಾರಿ ಬಂದರು. ಜಾಗ ನೋಡಿ ತಲೆಮೇಲೆ ಕೈಹೊತ್ತರು. "ಇನ್ನೇನು ಬಂದೇಬಿಡುತ್ತಾರೆ! ಮಂತ್ರಿಗಳು ಈಗ ಏನನ್ನು ಎತ್ತಬೇಕು?" ಎಲ್ಲಿಂದಲೋ ಒಂದು ಲಾರಿ ಕಸ ತರಿಸಿ ಸುರಿಸಿಯೇಬಿಟ್ಟರು! ಮಂತ್ರಿಗಳು ಬಂದರು, ಒಂದು ಬುಟ್ಟಿ ಎತ್ತಿದರು, ಫೋಟೋ ಆಯಿತು, ಹಾರ ಆಯಿತು, ಹೋದರು.

ನಾನು ಗುಡಿಸುವ ಹಿಡಿಸೂಡಿ ಹಿಡಿದುಕೊಂಡೇ ಅಧಿಕಾರಿಯ ಜೀಪಿಗೆ ಅಡ್ಡ ನಿಂತೆ. "ಉಳಿದದ್ದನ್ನು ಎತ್ತುವವರು ಯಾರು?"

"ಸಿಟ್ಟಾಗಬೇಡಿ ಅಮ್ಮಾ," ಎಂದರು ಅವರು, "ಇವತ್ತಿನದು ಉದ್ಘಾಟನೆ ಮಾತ್ರ. ಸಮಾರೋಪಕ್ಕೆ ಬೇರೆ ಮಂತ್ರಿಗಳ ಸಮಯ ಕೇಳಿದ್ದೇವೆ."