ಒಳ್ಳೆ ನೀರಿನ ಮಾಮಾ

ನಮ್ಮ ಸೋದರಮಾವ ಜೀವಮಾನದಲ್ಲಿ ಯಾರೊಂದಿಗೂ ಜಗಳವಾಡಿದವರಲ್ಲ, ನೀರೊಂದನ್ನು ಬಿಟ್ಟು! ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇನ್ನೊಂದು ಕಾಲನ್ನೂ ಒಡ್ಡುವಂಥ ಸಾಧು. ಆದರೆ ಲೋಟದಲ್ಲಿ ನೀರು ಬಂದು ಎದುರಿಗೆ ನಿಂತರೆ ಸಾಕು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪೊಲೀಸರು ಜೇಬುಗಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದರು. ಎಲ್ಲಿಂದ ಬಂದೆ? ಯಾವ ಪೈಪು? ದಾರಿಯಲ್ಲಿ ಯಾರ ಸಹವಾಸ ಮಾಡಿದೆ? ನೀರು ಬಾಯಿ ಬಿಡದಿದ್ದರೆ ಅತ್ತೆ ಉತ್ತರ ಕೊಡಬೇಕಾಗಿತ್ತು.

ನಾನು ಎಂ.ಎ. ಓದಲು ಹೋಗಿ ತಿರುವಲ್ಲಿಕ್ಕೇಣಿಯ ಅವರ ಮಹಡಿ ಮನೆಯಲ್ಲಿದ್ದ ಕಾಲದ ಮಾತಿದು. ಊರಿಗೆ ಚೆನ್ನೈ ಎಂದು ಹೆಸರಾಗಿ ಕೆಲವು ವರ್ಷಗಳಾಗಿದ್ದರೂ ಮಾಮಾ ಮದ್ರಾಸನ್ನು ಬಿಟ್ಟುಕೊಟ್ಟಿರಲಿಲ್ಲ. ಇಸವಿ ಯಾವುದು ಎಂದು ಒತ್ತಿ ಕೇಳಬೇಡಿ. ನಾನು ದಿನಚರಿ ಬರೆಯುವವಳು ನಿಜ. ಆದರೆ ಆಗಿನ ಪುಟ ತೆರೆದರೆ 'ಇಂದೂ ಮಾಮಾ ನೀರಿಗೆ ಬೈದರು' ಎಂದಷ್ಟೇ ಇದೆ. ಉಳಿದದ್ದನ್ನೆಲ್ಲ ಆಮೇಲೆ ನೆನಪು ತುಂಬಿಕೊಂಡಿದೆ. ನೆನಪನ್ನು ಸೋಸುವ ಯಂತ್ರವನ್ನು ಇನ್ನೂ ಯಾರೂ ಮಾರಿಲ್ಲವಾದ್ದರಿಂದ, ಸ್ವಲ್ಪ ಗಸಿ ಉಳಿದಿದ್ದರೆ ನೀವೇ ಬಸಿದುಕೊಳ್ಳಬೇಕು.

ಮಾಮಾ ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲೇ. ಪ್ಯಾರೀಸ್ ಕಾರ್ನರಿನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಕೆಲಸ. ಅವರ ಕನ್ನಡ ಎಷ್ಟೋ ತಲೆಮಾರಿನಿಂದ ತಮಿಳಿನ ಮನೆಯಲ್ಲಿ ಬಾಡಿಗೆಗಿತ್ತು. ಅತ್ತೆ ಉಡುಪಿಯ ಕಡೆಯವರು. ಮದುವೆಯಾಗಿ ಬಂದು ಕೂದಲು ಹಣ್ಣಾದರೂ ತಮಿಳನ್ನು ಉಡುಪಿಯ ಕಿವಿಯಲ್ಲೇ ಕೇಳುತ್ತಿದ್ದರು. ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ, ಜೊತೆಗೆ ನಾನು, ನಮ್ಮ ಮೂವರ ಮಧ್ಯೆ ನೀರು.

ಒಂದು ದಿನ ಮಾಮಾ ಆಫೀಸಿನಲ್ಲಿ, ನಾನು ಕಾಲೇಜಿನಲ್ಲಿ ಇದ್ದಾಗ ಅತ್ತೆಗೆ ಸೊಂಟದ ಹತ್ತಿರ ಎಂಥ ನೋವು ಬಂತೆಂದರೆ, ಒಲೆಯ ಮೇಲಿನ ಸಾರನ್ನು ಇಳಿಸಲೂ ಆಗದೆ ನೆಲದಲ್ಲಿ ಕುಳಿತುಬಿಟ್ಟರಂತೆ. ಪಕ್ಕದ ಮನೆಯವರು ಬೀದಿಯ ತುದಿಯ ಡಾಕ್ಟರ ಬಳಿ ಕರೆದೊಯ್ದರು. ಸಂಜೆ ಮಾಮಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು.

"ಡಾಕ್ಟ್ರು ಏನ್ ಸೊಲ್ಲಿದ್ರು?"

"ಕಿಡ್ನಿಯಲ್ಲಿ ಕಲ್ಲು ಉಂಟಂತೆ. ತಾನಾಗಿ ಹೋದ್ರೆ ಹೋಯ್ತು, ಇಲ್ಲದಿದ್ರೆ ಆಪರೇಶನ್ ಅಂತೆ." ಅತ್ತೆಯ ದನಿ ಸಣ್ಣದಾಗಿತ್ತು. "ಕೊಯ್ಯೂದು ಅಂದ್ರೆ ನಂಗೆ ಬದನೆಕಾಯಿ ಮಾತ್ರ ಗೊತ್ತು ಮಾರಾಯ್ರೆ. ನನ್ನನ್ನು ಕೊಯ್ಸಬೇಡಿ."

"ಸೆರಿ ಸೆರಿ, ಯಾರು ಕೊಯ್ಸ್ತಾರೆ? ಔಷಧ ಏನು?"

"ನೋವಿಗೆ ಮಾತ್ರೆ ಕೊಟ್ಟಿದ್ದಾರೆ. ಮತ್ತೆ, ಒಳ್ಳೆ ನೀರು ಕುಡೀಬೇಕಂತೆ."

ಒಳ್ಳೆ ನೀರು! ಮಾಮಾನ ಮುಖದಲ್ಲಿ ಹೆದರಿಕೆ ಇದ್ದಲ್ಲೇ ಒಂದು ಬೆಳಕು ಹತ್ತಿತು. "ಕೇಳ್ದ್ಯಾ ಮಾ?" ಎಂದು ನನ್ನ ಕಡೆ ತಿರುಗಿದರು. "ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಇದನ್ನೇ. ಈಗ ಎಂ.ಬಿ.ಬಿ.ಎಸ್. ಓದಿದವರೇ ಸೊಲ್ಲಿದಾರೆ!"

ಅಲ್ಲಿಂದ ಶುರು ನೋಡಿ.

ಮೊದಲು ಬಂದದ್ದು ಸ್ಟೀಲಿನ ಫಿಲ್ಟರು. ಒಂದರ ಮೇಲೊಂದು ಕೂತ ಎರಡು ಡಬ್ಬ, ಮೇಲಿನದರಲ್ಲಿ ನೀರು ಸೋಸುವ ಬಿಳಿಯ ಕ್ಯಾಂಡಲುಗಳು. ಭಾನುವಾರ ಮಾಮಾ ಸ್ನಾನ ಮಾಡಿ, ಮಡಿ ಉಟ್ಟು, ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಆ ಕ್ಯಾಂಡಲುಗಳನ್ನು ಉಜ್ಜುತ್ತಿದ್ದರು. ಆಗ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ದೇವರ ಸಾಲಿಗ್ರಾಮಕ್ಕೂ ಅಷ್ಟು ಹೊತ್ತು ಸ್ನಾನ ಸಿಗುತ್ತಿರಲಿಲ್ಲ ಎಂದು ನನ್ನ ಗುಮಾನಿ. ಇಷ್ಟೆಲ್ಲ ಉಪಚಾರವಾದ ಮೇಲೆ ನೀರು ಬರಬೇಕಲ್ಲ? ಟಪ್. ಒಂದು ಹನಿ. ಆಮೇಲೆ ಯೋಚನೆ ಮಾಡಿ ಇನ್ನೊಂದು.

"ಇದರಲ್ಲಿ ನೀರು ಬರೂದಲ್ಲ ಮಾರಾಯ್ರೆ, ಇದು ಅಳೂದು," ಎಂದರು ಅತ್ತೆ.

ಅಳುವುದಾದರೂ ಸಿಹಿಯಾಗಿ ಅಳಬಾರದೆ? ಬೋರ್‌ವೆಲ್ಲಿನ ಉಪ್ಪು ಕ್ಯಾಂಡಲಿಗೆ ಕೈಮುಗಿದು ಆರಾಮವಾಗಿ ಕೆಳಗಿಳಿದು ಬರುತ್ತಿತ್ತು. "ಉಪ್ಪೇ ಕಲ್ಲಾಗೋದು," ಎಂದು ಮಾಮಾ ತೀರ್ಪು ಕೊಟ್ಟು ಫಿಲ್ಟರನ್ನು ಅಟ್ಟಕ್ಕೆ ಹಾಕಿದರು.

ಆಮೇಲೆ ನೀಲಿ ದೀಪದ ಯಂತ್ರ. ಅದನ್ನು ಮಾರಲು ಟೈ ಕಟ್ಟಿಕೊಂಡ ಒಬ್ಬ ಯುವಕ ಬಂದ. ಮದ್ರಾಸಿನ ಮೇ ತಿಂಗಳಲ್ಲಿ ಟೈ! ಒಳಗಿನ ಬೆಳಕು ತಾಗಿದ ತಕ್ಷಣ ನೀರಿನ ಕ್ರಿಮಿಗಳೆಲ್ಲ ಸಾಯುತ್ತವೆ ಎಂದು ವಿವರಿಸಿದ. ಮಾಮಾ ಕಣ್ಣು ಮುಚ್ಚಿ ಕೇಳಿ, ತಮಿಳಿನಲ್ಲಿ ಒಂದೇ ಪ್ರಶ್ನೆ ಹಾಕಿದರು: ಸತ್ತ ಮೇಲೆ ಅವು ಎಲ್ಲಿ ಹೋಗುತ್ತವೆ?

ಎಲ್ಲಿಯೂ ಹೋಗುವುದಿಲ್ಲ ಸಾರ್, ನೀರಿನಲ್ಲೇ ಇರುತ್ತವೆ, ಏನೂ ತೊಂದರೆಯಿಲ್ಲ, ಎಂದ ಹುಡುಗ.

ಮಾಮಾ ಕಣ್ಣು ತೆರೆದರು. "ನಾವು ವೆಜಿಟೇರಿಯನ್ ಅಪ್ಪಾ!"

ನಾನು ಸುಮ್ಮನಿರಬೇಕಿತ್ತು. ವಿಶ್ವವಿದ್ಯಾಲಯದ ಗಾಳಿ ಕುಡಿದವಳು, ಸುಮ್ಮನಿರಲಿಲ್ಲ. "ಮಾಮಾ, ಇಷ್ಟು ದಿನ ಅವನ್ನು ಜೀವಂತವಾಗಿ ಕುಡಿದಿದ್ದೀವಲ್ಲ, ಅದು?"

"ಜೀವಂತ ಬಂದ್ರೆ ಅದು ಅವುಗಳ ಇಷ್ಟ ಕಣೇ. ಕೊಂದು ಕುಡಿದ್ರೆ ಅದು ನಮ್ಮ ಪಾಪ!"

ಇದಕ್ಕೆ ಉತ್ತರವಿದ್ದರೆ ನನಗೂ ತಿಳಿಸಿ.

ಟೈ ಹುಡುಗ ಸೋಲುವವನಲ್ಲ. ಮುಂದಿನ ವಾರ ಆರ್.ಓ. ಎಂಬ ಇನ್ನೊಂದು ಯಂತ್ರದ ಚಿತ್ರ ಹಿಡಿದು ಬಂದ. ಇದು ಉಪ್ಪನ್ನೂ ತಡೆಯುತ್ತದೆ, ಕ್ರಿಮಿಯನ್ನು ಕೊಲ್ಲದೆ ಆಚೆಗೆ ಕಳಿಸುತ್ತದೆ, ಅಹಿಂಸೆ! ಬ್ಯಾಗಿನಿಂದ ಎರಡು ಲೋಹದ ಕಡ್ಡಿ ತೆಗೆದು, ತಂತಿ ಸಿಕ್ಕಿಸಿ, ನಮ್ಮ ಮನೆಯ ನೀರಿಗೆ ಅದ್ದಿ ಕರೆಂಟು ಕೊಟ್ಟ. ಅಯ್ಯಯ್ಯೋ! ನೋಡುತ್ತಿದ್ದಂತೆ ನೀರು ಕೆಸರಾಗಿ, ಕಂದಾಗಿ, ಮೇಲೆ ಹಸಿರು ನೊರೆ ಕಟ್ಟಿತು. ಅವನು ತಂದಿದ್ದ ಬಾಟಲಿಯ ನೀರು ಮಾತ್ರ ಹಾಗೇ ತಿಳಿಯಾಗಿತ್ತು. ಕೊಳೆಯಾದದ್ದು ನೀರಲ್ಲ, ಕರಗಿದ್ದು ಕಡ್ಡಿಯ ಕಬ್ಬಿಣ ಎಂದು ನನಗೆ ಆಗಲೇ ಗೊತ್ತಿತ್ತು ಎಂದು ಬರೆಯಲು ಆಸೆ. ಆದರೆ ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದಿ ತಿಳಿದದ್ದನ್ನು ನೆನಪು ಹಿಂದಕ್ಕೆ ಸರಿಸಿರಬಹುದು. ಆ ಕ್ಷಣ ನಾನೂ ಬಾಯಿ ತೆರೆದು ನೋಡುತ್ತಿದ್ದೆ ಎಂಬುದೇ ಹೆಚ್ಚು ನಂಬುವಂಥದ್ದು.

ಮಾಮಾ ಎದ್ದು ದೇವರ ಕೋಣೆಗೆ ಹೋದರು. ಬೆಳಗಿನ ಪೂಜೆಯ ತೀರ್ಥವನ್ನು ಒಂದು ಲೋಟಕ್ಕೆ ಬಗ್ಗಿಸಿ ತಂದು ಅವನ ಎದುರಿಗಿಟ್ಟರು. "ಇದಕ್ಕೆ ಹಾಕು."

ಹುಡುಗ ಬೆವೆತ. ಹಾಕಿದ. ತೀರ್ಥವೂ ಕೆಸರಾಯಿತು! ತುಳಸಿಯೆಲೆಯೊಂದು ಹಸಿರು ನೊರೆಯ ಮೇಲೆ ದೋಣಿಯಂತೆ ತೇಲಿತು.

"ಏನಪ್ಪಾ, ದೇವರು ಮಿಂದ ನೀರೇ ಅಶುದ್ಧವಾ?"

"ಸಾರ್, ಸಾಮಿ ವಿಷಯತ್ತುಲ ನಾನ್ ತಲೆಯಿಡ ಮಾಟ್ಟೇನ್ ಸಾರ್," ಎಂದು ಹುಡುಗ ಕೆನ್ನೆ ಕೆನ್ನೆ ಬಡಿದುಕೊಂಡ. ದೇವರ ವಿಷಯಕ್ಕೆ ತಲೆಹಾಕುವುದಿಲ್ಲ ಎಂದು! ಅವನ ಕಂಪನಿಯ ಯಂತ್ರಕ್ಕಿಂತ ಆ ಭಕ್ತಿಯೇ ಮಾಮಾನನ್ನು ಗೆದ್ದಿರಬೇಕು. ಅತ್ತೆಗೆ ಹಿಂದಿನ ರಾತ್ರಿ ಮತ್ತೆ ನೋವು ಬಂದಿತ್ತು ಎನ್ನುವುದೂ ಇತ್ತು. ಯಂತ್ರ ಬಂತು.

ಬಂದ ಮೇಲೆ ತಿಳಿಯಿತು ಅದರ ಗುಟ್ಟು. ಮೂರು ಕೊಡ ನೀರು ಕುಡಿಸಿದರೆ ಅದು ಒಂದು ಕೊಡ ಒಳ್ಳೆಯದನ್ನು ನಮಗೆ ಕೊಟ್ಟು, ಉಳಿದದ್ದನ್ನು ಹಿಂದಿನ ಕೊಳವೆಯಿಂದ ಉಗುಳುತ್ತಿತ್ತು. ಅದೂ ಎಂಥ ಕಾಲದಲ್ಲಿ! ಮಳೆ ಕೈಕೊಟ್ಟು, ಬೋರು ಬತ್ತಿ, ನಲ್ಲಿ ಬರೀ ಗಾಳಿ ಊದುತ್ತ, ಇಡೀ ಬೀದಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಲಾರಿಗೆ ಕಾಯುತ್ತಿದ್ದ ಕಾಲ. ಮಾಮಾ ಮತ್ತು ನಾನು ಕೆಳಗಿನಿಂದ ಮಹಡಿಗೆ ಕೊಡ ಹೊರುವುದು, ಯಂತ್ರ ಉಗುಳುವುದು, ಉಗುಳಿದ್ದನ್ನು ಮಾಮಾ ಬಕೆಟ್ಟಿನಲ್ಲಿ ಹಿಡಿಯುವುದು. ಹಾಗೆ ಹಿಡಿದ ನೀರಿನಲ್ಲೇ ನೆಲ ಒರೆಸಿ, ಬಟ್ಟೆ ಒಗೆದು, ಪಾತ್ರೆ ತೊಳೆದು, ಕೊನೆಗೆ ಮಿಂದು, ಆದರೂ ಮುಗಿಯದೆ ಹಜಾರದಲ್ಲಿ ನಡೆಯಲು ಜಾಗವಿಲ್ಲದಷ್ಟು ಬಕೆಟ್ಟುಗಳು. ಪದವಿಗೆ ಓದಲು ಬಂದ ನಾನು ಕೊಡ ಹೊರುವುದರಲ್ಲಿ ಪಾರಂಗತಳಾದೆ.

ಇನ್ನು ಆ ಒಳ್ಳೆ ನೀರು! ಅದು ಅತ್ತೆಗೆ ಮಾತ್ರ ಮೀಸಲು. ನನಗೂ ಮಾಮಾನಿಗೂ ಕುದಿಸಿ ಸೋಸಿದ ಸಾಮಾನ್ಯ ನೀರು. ಅತ್ತೆ ಒಂದೊಂದು ಲೋಟವನ್ನೂ ಪ್ರಸಾದದ ಹಾಗೆ ಕುಡಿಯುತ್ತಿದ್ದರು. ಬೆಳಿಗ್ಗೆ ಒಂದು, ಸಂಜೆ ಅರ್ಧ.

"ಅಷ್ಟೇ ಸಾಕಾ ಅತ್ತೆ?" ಎಂದು ನಾನೊಮ್ಮೆ ಕೇಳಿದ್ದುಂಟು.

ಮಾಮಾನೇ ಉತ್ತರ ಕೊಟ್ಟರು: "ಒಳ್ಳೇದು ಒಂದು ಗುಟುಕು ಸಾಕು ಕಣೇ. ಅಮೃತವನ್ನ ಯಾರಾದ್ರೂ ಕೊಡಗಟ್ಲೆ ಕುಡಿದಾರಾ?"

ಕಲ್ಲಿಗೆ ಈ ಪುರಾಣ ಗೊತ್ತಿರಲಿಲ್ಲ. ಅತ್ತೆಗೆ ನೋವು ಹೆಚ್ಚಾಗಿ, ಒಂದು ಬೆಳಿಗ್ಗೆ ಮೂವರೂ ಡಾಕ್ಟರ ಬಳಿ ಹೋದೆವು. ಡಾಕ್ಟರು ಕೇಳುವ ಮೊದಲೇ ಮಾಮಾ ಯಂತ್ರದ ವರ್ಣನೆಗೆ ಇಳಿದರು: ಕ್ಯಾಂಡಲು ಯಾಕೆ ಬಿಟ್ಟದ್ದು, ನೀಲಿ ದೀಪ ಯಾಕೆ ಬೇಡವಾದದ್ದು, ಆರ್.ಓ.ದೊಳಗಿನ ಸೋಸುವ ಪೊರೆ ಎಷ್ಟು ಸೂಕ್ಷ್ಮ. ವಯಸ್ಸಾದ ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡು, ಅತ್ತೆಯ ಕಡೆ ತಿರುಗಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದರು.

ಅತ್ತೆ ಒಂದೂವರೆ ಲೋಟದ ಲೆಕ್ಕ ಹೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟು, ತಾವು ಹೇಳಿದ್ದೇನು ಎಂದು ಕೇಳಿದರು. "ಅಮ್ಮಾ, ನಾನ್ ಎನ್ನ ಸೊನ್ನೇನ್? ನಲ್ಲಾ ತಣ್ಣಿ ಕುಡಿಂಗೋನ್ನು ಸೊನ್ನೇನೇ!"

ಮಾಮಾ ಅರ್ಧ ತೆರೆದ ಬಾಯಿಯಲ್ಲೇ ನಿಂತರು. ತಮಿಳು ಬಾರದವರಿಗಾಗಿ ಹೇಳುತ್ತೇನೆ. 'ನಲ್ಲ ತಣ್ಣಿ' ಎಂದರೆ ಒಳ್ಳೆಯ ನೀರು. 'ನಲ್ಲಾ ತಣ್ಣಿ ಕುಡಿಂಗೋ' ಎಂದರೆ ಚೆನ್ನಾಗಿ, ಹೊಟ್ಟೆ ತುಂಬ ನೀರು ಕುಡಿಯಿರಿ. ನಡುವೆ ಇರುವುದು ಒಂದೇ ಒಂದು ದೀರ್ಘ! ಡಾಕ್ಟರು ಕೊಟ್ಟ ಆ ದೀರ್ಘ ಅತ್ತೆಯ ಉಡುಪಿಯ ಕಿವಿಯಲ್ಲಿ ಹ್ರಸ್ವವಾಗಿ, ಕನ್ನಡದಲ್ಲಿ 'ಒಳ್ಳೆ ನೀರು' ಆಗಿ ಮನೆಗೆ ಬಂದಿತ್ತು. ಅದರ ಹಿಂದೆಯೇ ಕ್ಯಾಂಡಲು, ಟೈ ಹುಡುಗ, ಕಡ್ಡಿ, ಕೊಳವೆ, ಬಕೆಟ್ಟುಗಳ ಮೆರವಣಿಗೆ! ಇನ್ನು ಒಂದಷ್ಟು ದಿನ ಚೆನ್ನಾಗಿ ಕುಡಿದು ನೋಡಿ, ಆಗಲೂ ಹೋಗದಿದ್ದರೆ ಆಪರೇಶನ್ನೇ, ಎಂದರು ಡಾಕ್ಟರು.

ದಾರಿಯಲ್ಲಿ ಅತ್ತೆಯೇ ಮೊದಲು ಮಾತಾಡಿದ್ದು. "ನನ್ನ ತಮಿಳು ಎಂಥದ್ದು ಅಂತ ಗೊತ್ತಿದ್ದೂ ನೀವೊಮ್ಮೆ ಡಾಕ್ಟ್ರನ್ನು ಕೇಳ್ಬಾರ್ದಿತ್ತಾ?"

"ಒಳ್ಳೆ ನೀರು ಅಂದ್ಮೇಲೆ ಅದ್ರಲ್ಲಿ ಕೇಳೋಕೇನಿದೆ?" ಎಂದರು ಮಾಮಾ. ಸ್ವಲ್ಪ ದೂರ ನಡೆದು, ಬೇರೆಯೇ ದನಿಯಲ್ಲಿ, "ಆದ್ರೂ ಒಂದೂವರೆ ಲೋಟ ಏನು ಲೆಕ್ಕ? ಬಾಯಾರಿಕೆ ಆಗ್ತಿರ್ಲಿಲ್ವಾ ನಿಂಗೆ?"

"ಆಗ್ತಿತ್ತು. ಒಂದು ಲೋಟಕ್ಕೆ ನೀವು ಎಷ್ಟು ಕೊಡ ಹೊರ್ತೀರಿ ಅಂತ ಕಾಣ್ತದಲ್ಲ. ನಿಮ್ಗೂ ಒಂದು ಸೊಂಟ ಉಂಟು ಮಾರಾಯ್ರೆ."

ಮಾಮಾ ಅಂದೇ ಆರ್.ಓ. ಯಂತ್ರದ ಪ್ಲಗ್ಗು ಕಿತ್ತರು. ದೊಡ್ಡ ಪಾತ್ರೆಯಲ್ಲಿ ಲಾರಿ ನೀರು ಕುದಿಯತೊಡಗಿತು, ಪಂಚೆಯ ಬಟ್ಟೆಯಲ್ಲಿ ಸೋಸಿ ಎಲ್ಲರಿಗೂ ಒಂದೇ ನೀರು. ಆದರೆ ಕುಡಿಯುವುದನ್ನು ಮರೆಯುವುದು ಅತ್ತೆಯ ಹುಟ್ಟುಗುಣ. ಅದಕ್ಕೆ ಮಾಮಾ ಆಫೀಸಿನಿಂದ ಆಗಾಗ ಮನೆಗೆ ಫೋನು ಮಾಡುವ ಪದ್ಧತಿ ಶುರುವಾಯಿತು. ಫೋನು ಒಮ್ಮೆ ಬಡಿದು ನಿಲ್ಲುತ್ತಿತ್ತು. ಎತ್ತಬೇಕಾಗಿಲ್ಲ, ಬಡಿದರೆ ಒಂದು ಲೋಟ ಕುಡಿಯಬೇಕೆಂದು ಒಪ್ಪಂದ. "ಬಂತು ನೋಡು ಲಾರಿ," ಎಂದು ನಗುತ್ತ ಅತ್ತೆ ಅಡುಗೆಮನೆಗೆ ಹೋಗುತ್ತಿದ್ದರು.

ಕಲ್ಲು ಹೋಯಿತು. ಕತ್ತಿಯಿಲ್ಲದೆ, ತಾನಾಗಿ. ಹೇಗೆ, ಎಲ್ಲಿ ಎಂದು ಮರ್ಯಾದಸ್ಥರು ಕೇಳಬಾರದು. ಮಾಮಾ ಕೇಳಿದರು: "ನಂಗೊಂದು ಸಲ ತೋರಿಸ್ಬಾರ್ದಿತ್ತಾ?"

ಕಲ್ಲು ಹೋದ ಮೇಲೂ ಫೋನು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಾನು ಫೋನಿನ ಪಕ್ಕದಲ್ಲೇ ಕುಳಿತಿದ್ದೆ. ಸ್ನೇಹಿತೆಯ ಫೋನಿಗೆ ಕಾಯುತ್ತಿದ್ದವಳು, ಗಂಟೆ ಒಮ್ಮೆ ಬಡಿದು ಬಾಯಿ ಮುಚ್ಚುವ ಮೊದಲೇ ರಿಸೀವರ್ ಎತ್ತಿಬಿಟ್ಟೆ. ಹಲೋ ಎನ್ನಲು ಹೊರಟು ನಿಂತೆ. ಆ ಕಡೆ ಟೈಪ್‌ರೈಟರುಗಳ ಸದ್ದು, ಯಾರೋ ಕಡತ ಕೇಳುವ ಸದ್ದು, ಅದರ ಮೇಲೆ ತೀರ ಹತ್ತಿರದಲ್ಲಿ, ಕಿವಿಯೊಳಗೇ ಎಂಬಂತೆ ಗಟಗಟ ನೀರು ಕುಡಿಯುವ ಸದ್ದು. ಒಂದು ಇಡೀ ಲೋಟ. ಇಷ್ಟು ದಿನ ಮಾಮಾ ಬರೀ ಗಂಟೆ ಬಡಿದು ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ ನಾನು.

ಲೋಟ ಮೇಜಿಗಿಟ್ಟದ್ದು ಕೇಳಿಸಿತು. ಫೋನು ಎತ್ತಿದ್ದು ಅತ್ತೆಯೇ ಎಂದುಕೊಂಡಿರಬೇಕು. ಆಫೀಸಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ನಂದು ಆಯ್ತು," ಎಂದರು. "ನಿಂದು?"

ನಾನು ಸದ್ದಿಲ್ಲದೆ ಎದ್ದು, ವಯರು ಎಟಕುವಷ್ಟು ದೂರ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಿವಿಗೆ ರಿಸೀವರ್ ಹಿಡಿದೆ. ಅವರ ಬಾಯಿ ತುಂಬ ನೀರಿತ್ತು.

"ಹ್ಞೂಂ," ಎಂದರು ಅತ್ತೆ.