ನನ್ನ ಹೊಟ್ಟೆಯ ಒಕ್ಕಲು

ನಾಚಿಕೆ ಸ್ವಭಾವದವರಿಗೆ ಕಾಯಿಲೆ ಬರುವುದಾದರೆ ಮರ್ಯಾದೆಯ ಜಾಗದಲ್ಲಿ ಬರಬೇಕು. ಮಂಡಿನೋವಾದರೆ ಮೇಳಿಗೆಯ ಬಸದಿಯ ಜಗಲಿಯಲ್ಲಿ ಕುಳಿತು ನಾಲ್ಕು ಜನರಿಗೆ ಹೇಳಿಕೊಳ್ಳಬಹುದು. ನನ್ನದು ಹೊಟ್ಟೆಯೊಳಗಿನ ಸಂಗತಿ. ಮೊಮ್ಮಕ್ಕಳಾದ ನಿಮಗೆಂದು ಬರೆಯುತ್ತಿದ್ದೇನೆ; ಊಟದ ಹೊತ್ತಿನಲ್ಲಿ ಓದಬೇಡಿ.

ನಿಮ್ಮ ಅಕ್ಕ ಚಂದನಾ ತೀರ್ಥಹಳ್ಳಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೈ ಪಳಗಲೆಂದು ಮನೆಯವರಿಗೆಲ್ಲ ಒಂದೊಂದು ಪುಟ್ಟ ಡಬ್ಬಿ ತಂದುಕೊಟ್ಟಳು. ಅದರಲ್ಲಿ ಏನು ಕೊಡಬೇಕೆಂದು ತಿಳಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಿಮ್ಮ ತಾತ ಇದ್ದಿದ್ದರೆ ಅವರೆದುರು ಅದರ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಅಂತೂ ಕೊಟ್ಟೆ. ಸಂಜೆ ಬಂದವಳು ಹಬ್ಬದ ಸುದ್ದಿಯಂತೆ ಕೂಗಿದಳು: "ಅಜ್ಜೀ, ನಿಮ್ ಹೊಟ್ಟೇಲಿ ಅಮೀಬಾ ಇದೆ!"

ನನಗೆ ಅವಮಾನವಾಯಿತು. ಮದುವೆಯಾಗಿ ಬಂದಂದಿನಿಂದ ಸೋಸದ ನೀರು ಕುಡಿದವಳಲ್ಲ. ಸೋಸಿದ ಮೇಲೂ ಬಟ್ಟೆಯನ್ನು ಜಾಲಾಡಿಸಿ, ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಸುತ್ತೇನೆ, ಸಿಕ್ಕ ಜೀವಗಳು ತಮ್ಮ ಮನೆ ಸೇರಲೆಂದು. ಅಷ್ಟು ಉಪಚಾರ ಮಾಡಿದವಳ ಹೊಟ್ಟೆಯಲ್ಲೇ ಬಿಡಾರ ಹೂಡುವುದೇ!

"ನಿಮ್ಮ ಬಟ್ಟೆ ತೂತು ಅವಕ್ಕೆ ಹೆಬ್ಬಾಗಿಲು, ಅಜ್ಜಿ" ಎಂದಳು ಚಂದನಾ.

ನಿಮ್ಮಮ್ಮ ಆಗಲೇ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅತ್ತೆ, ಮಾತ್ರೆ ತಗೊಳ್ಳಿ. ಅಲ್ಲೀವರೆಗೆ ಹಿಟ್ಟಿಗೆ ಕೈ ಹಾಕ್ಬೇಡಿ."

"ಮಾತ್ರೆ ತಗೊಂಡ್ರೆ ಅವು ಏನಾಗ್ತಾವೆ?"

"ಸಾಯ್ತಾವೆ. ಇನ್ನೇನು, ಬಸ್ ಹತ್ತಿ ಊರಿಗೆ ಹೋಗ್ತಾವಾ?"

ನನ್ನ ಕಷ್ಟ ಅದೇ. ನಾವು ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುವವರು: ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು. ಚಂದನಾ ಅಮೀಬಾಗಳನ್ನು ಅವುಗಳ ಒಳಗಿನ ಚುಕ್ಕಿ ಎಣಿಸಿ ವಿಂಗಡಿಸುತ್ತಾಳೆ. ಎಂಟು ಚುಕ್ಕಿಯದು ಸಾಧು. ಅದೇ ಕುಟುಂಬದ ಇನ್ನೊಂದು ಹಲ್ಲಿನ ಸಂದಿಯಲ್ಲಿರುತ್ತದಂತೆ.

"ನಿಮ್ಮವಕ್ಕೆ ನಾಲ್ಕು ಚುಕ್ಕಿ. ಅದರಲ್ಲೇ ಒಂದು ಕರುಳು ಕೊರೆಯುತ್ತೆ, ಇನ್ನೊಂದು ಪಾಪ, ಸಿಕ್ಕಿದ್ದು ತಿಂದ್ಕೊಂಡು ಸುಮ್ನಿರುತ್ತೆ. ಮುಂಚೆ ಎರಡೂ ಒಂದೇ ಅಂದ್ಕೊಂಡಿದ್ರು."

"ನೋಡಿದ್ರೆ ಗೊತ್ತಾಗಲ್ವೇನೇ?"

"ನೋಡೋಕೆ ಅವಳಿ ಜವಳಿ. ಒಳಗೆ ರಕ್ತದ ಕಣ ಕಂಡ್ರೆ ಮಾತ್ರ ಸಿಕ್ಕಿಬಿತ್ತು. ತಿಂದಿದ್ದು ನೋಡಿ ಗುಣ ಹೇಳ್ಬೇಕು. ನಿಮ್ಮದರಲ್ಲಿ ಕಾಣ್ಲಿಲ್ಲ, ದೊಡ್ಡ ಲ್ಯಾಬಿಗೆ ಕಳಿಸ್ತೀನಿ."

ಅಲ್ಲಿಯವರೆಗೆ ಮಾತ್ರೆ ಬೇಡವೆಂದೆ. ತಪ್ಪು ಮಾಡದ್ದನ್ನು, ತಪ್ಪು ಮಾಡಿದ್ದರ ಮುಖ ಹೋಲುತ್ತದೆಂದು ಕೊಲ್ಲುವುದು ಹೇಗೆ? ಹಾಗೆಂದು ಕೊರೆಯುವುದನ್ನೇ ಸಾಕಿ, ಅದು ನನ್ನ ಕೈಯಿಂದ ನಿಮ್ಮ ತಟ್ಟೆಗೆ ಇಳಿದರೆ? ದಯೆ ಎನ್ನುವುದು ಇಷ್ಟು ತಲೆನೋವಿನ ಕೆಲಸ ಎಂದು ಒಲೆಯಿಂದ ದೂರ ಕುಳಿತಾಗಲೇ ತಿಳಿದದ್ದು. ನಿಮ್ಮಮ್ಮ ಚಟ್ನಿಗೆ ಉಪ್ಪು ಮರೆತಾಗಲೂ ಬಾಯಿ ಬಿಡಲಿಲ್ಲ.

ಕೊನೆಗೆ ಉತ್ತರ ಬಂತು: ನನ್ನದು ಸಾಧು. ಡಾಕ್ಟರು ಮಾತ್ರೆ ಬೇಡವೆಂದರು. ಸೋಪು ಹಚ್ಚಿ ಕೈ ತೊಳೆಯಲು, ನೀರು ಕುದಿಸಲು ಹೇಳಿದರು. ನಿಮ್ಮಮ್ಮ ಬಾಗಿಲು ಬಿಟ್ಟಳು. ನಾನು ಗೆದ್ದವಳಂತೆ ಒಳಹೊಕ್ಕೆ.

ಚತುರ್ದಶಿ ಬಂತು. ನನಗೆ ಉಪವಾಸ. ಮಧ್ಯಾಹ್ನ ಕಡುಬಿನ ಪಾತ್ರೆಯಿಂದ ಹಬೆ ಏಳುತ್ತಿತ್ತು. ಆಗ ಹೊಳೆಯಿತು: ವ್ರತ ನನ್ನದು, ಒಳಗಿನವು ಏನು ಮಾಡಿದ್ದವು? ಅವುಗಳ ಸಲುವಾಗಿ ಒಂದು ಕಡುಬು ಬಾಯಿಗಿಟ್ಟೆ. ಚಂದನಾ ಬಾಗಿಲಲ್ಲಿ ನಿಂತಿದ್ದಳು.

"ಪಾಪ, ಅವಕ್ಕೆ ಹಸಿವೇನೋ ಅಂತ..." ಎಂದೆ.

"ಬೆಲ್ಲ ಹಚ್ಚಿ ಕೊಡಿ ಅಂತ ಕೇಳಿದ್ವಾ, ಅಜ್ಜಿ?"

ಹೊರಗಿನಿಂದ ನೋಡಿದರೆ ಬಸದಿಗೆ ಬರುವ ವ್ರತದ ಹೆಂಗಸರೂ ನಾನೂ ಅವಳಿ ಜವಳಿ. ಒಳಗೆ ಕಡುಬು ಇದೆಯೇ ಎಂದು ಯಾರೂ ನೋಡುವುದಿಲ್ಲ, ಸದ್ಯ.