ಕಟಾರಿಯೂ ಕತ್ತರಿಯೂ

ನನ್ನ ಹೆಂಡತಿ ಸಾಯಿಲಕ್ಷ್ಮಿಗೆ ನನ್ನ ಮೇಲೆ ಕಾಸಿನಷ್ಟೂ ನಂಬಿಕೆ ಇಲ್ಲ. ರಾಯದುರ್ಗದಲ್ಲಿ ಇಪ್ಪತ್ತು ವರ್ಷದಿಂದ ಜನರ ಮಾನ ಮುಚ್ಚುತ್ತಿರುವ ದರ್ಜಿ ನಾನು. ಆದರೂ ಅವಳ ತವರಿನ ಕಟಾರಿಯನ್ನು ಅಮರಾಪುರಕ್ಕೆ ಒಯ್ಯುವ ಯೋಗ್ಯತೆ ನನಗಿಲ್ಲವಂತೆ!

ಕಟಾರಿಯೇನೋ ಸಾಮಾನ್ಯದ್ದಲ್ಲ. ಹಿಡಿಯಲ್ಲಿ ಸಿಂಹಮುಖದ ಹಿತ್ತಾಳೆ ಯಾಳಿ. ಅದರ ಬಾಯಿಂದಲೇ ಅಲಗು ಹೊರಡುತ್ತದೆ. ಉಕ್ಕಿನಲ್ಲಿ ಕೂದಲೆಳೆಯಷ್ಟು ಗೀರು ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿದ ಬಳ್ಳಿ. (ನನ್ನ ಮಷೀನಿನ ಹೊಲಿಗೆಯೂ ಅಷ್ಟು ನಯವಾಗಿ ಬರುವುದಿಲ್ಲ.) ಆ ಮನೆಯ ಮದುವೆಗಂಡು ಅದರ ತುದಿಗೆ ನಿಂಬೆಹಣ್ಣು ಚುಚ್ಚಿ ಕೈಯಲ್ಲಿ ಹಿಡಿಯದೆ ಹಸೆಗೆ ಕೂರುವಂತಿಲ್ಲ. ಸಡಿಲವಾಗಿದ್ದ ಯಾಳಿಯನ್ನು ಬಿಗಿ ಮಾಡಿಸಲು ನಮ್ಮೂರಿಗೆ ತಂದಿದ್ದೆವು. ಬಾಮೈದ ತಿರುಮಲೇಶನ ಮುಹೂರ್ತ ಇಂದು ಹನ್ನೊಂದಕ್ಕೆ.

"ನಾನೇ ಇಟ್ಕೋತೀನಿ ಕಣ್ರೀ. ಪೊಲೀಸ್ ಕಂಡ್ರೆ ನಿಮ್ಗೆ ಮಾತೇ ತೊದಲುತ್ತೆ."

"ಯಾಕ, ನಾ ಏನ್ ಸಣ್ಣ ಹುಡುಗ ಏನು? ನನ್ ಚೀಲದಾಗ ಇರ್ಲಿ!" ಎಂದು ಗರ್ಜಿಸಿ, ಕೆಂಪು ಬಟ್ಟೆಯ ಗಂಟನ್ನು ಚೀಲಕ್ಕೆ ತುರುಕಿದೆ.

ಬಸ್ಸು ಹೊರಟ ಮೇಲೆ ಧೈರ್ಯ ಸೋರತೊಡಗಿತು. ಚುನಾವಣೆಯ ಕಾಲ, ಗಡಿಯಲ್ಲೆಲ್ಲ ತಪಾಸಣೆ. ಆಯುಧ ಸಿಕ್ಕಿಬಿದ್ದರೆ? ಮದುವೆ ನಿಂತರೆ? ಮಾವನವರಿಗೆ ಹೇಗೆ ಮುಖ ತೋರಿಸಲಿ? ಅಂಗಿ ಒದ್ದೆಯಾಯಿತು. ಆಗ ನನ್ನ ಮಹಾಮೇಧಸ್ಸಿಗೆ ಹೊಳೆಯಿತು: ದರ್ಜಿಯ ಬಳಿ ಕತ್ತರಿ ಇದ್ದರೆ ಯಾರು ಕೇಳುತ್ತಾರೆ? ಕಟಾರಿಗೂ ಕತ್ತರಿಗೂ ಒಂದೇ ಅಕ್ಷರದ ವ್ಯತ್ಯಾಸ.

ಪಾವಗಡದ ಹತ್ತಿರದ ಚೆಕ್‌ಪೋಸ್ಟಿನಲ್ಲಿ ಕಾನ್‌ಸ್ಟೇಬಲ್ ಹತ್ತಿದ. "ಏನ್ರೀ ಇದು ಗಂಟು?"

"ಕ... ಕತ್ತರಿ ಸಾರ್. ನಾ ಟೈಲರ್ ಅದೀನ್ರಿ."

"ಕತ್ತರಿಗೆ ಯಾಕಿಷ್ಟು ಬೆವರು? ಬಿಚ್ಚಿ."

ಹೇಮಾವತಿ ಕ್ಷೇತ್ರದ ಸಿದ್ಧೇಶ್ವರನನ್ನು ನೆನೆದು ಕಣ್ಣು ಮುಚ್ಚಿ ಬಿಚ್ಚಿದೆ. ತೆರೆದು ನೋಡಿದರೆ ನಿಜಕ್ಕೂ ಕತ್ತರಿ! ನನ್ನ ಅಂಗಡಿಯದೇ!

"ಸರಿ, ಇಟ್ಕೊಳ್ಳಿ," ಎಂದು ಆತ ಮುಂದೆ ಸರಿದ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು.

"ಅಯ್ಯೋ, ನಮ್ ಕಟಾರಿ ಎಲ್ಲಿ ಹೋತು?" ಎಂದು ಕಿರುಚಿದೆ.

ಆತ ಗಿರಕ್ಕನೆ ತಿರುಗಿದ. "ಯಾವ ಕಟಾರಿ?"

ಹೆಂಗಸರ ಸೀಟಿನಲ್ಲಿದ್ದ ಹೆಂಡತಿಯ ಕಡೆ ದೀನನಾಗಿ ನೋಡಿದೆ. ಅವಳು ನನ್ನನ್ನು ಈ ಜನ್ಮದಲ್ಲಿ ಕಂಡೇ ಇಲ್ಲದವಳ ಹಾಗೆ, ವೀಳ್ಯದೆಲೆಯ ಬುಟ್ಟಿಯನ್ನು ಮಡಿಲಲ್ಲಿ ಭದ್ರವಾಗಿ ಅವುಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಗಂಟು ಬದಲಾಯಿಸಿದ ಮಹಾತಾಯಿ ಯಾರೆಂದು ಆಗ ತಿಳಿಯಿತು. ನನ್ನನ್ನು ಇಳಿಸಿಕೊಂಡರು, ಬಸ್ಸು ಹೋಯಿತು.

ಹನ್ನೆರಡಕ್ಕೆ ಅವಳ ಫೋನು. "ಕಟಾರಿ ಹಿಡ್ಕೊಂಡು ರಾಜನಂಗೆ ಕೂತಿದ್ದ ಕಣ್ರೀ ನನ್ ತಮ್ಮ! ತಾಳಿನೂ ಕಟ್ದ. ಎಲ್ರೂ ನಿಮ್ಮನ್ನ ಕೇಳಿದ್ರು. ಅರ್ಜೆಂಟ್ ಹೊಲಿಗೆ ಕೆಲಸ ಬಂತು ಅಂದೆ."

ಅವಳು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ನಾನು ಅಸಲಿ ದರ್ಜಿಯೆಂದು ರುಜುವಾತು ಮಾಡಲು, ಚೆಕ್‌ಪೋಸ್ಟಿನ ಸ್ಟೂಲಿನ ಮೇಲೆ ಕೂತು, ಆ ಕಾನ್‌ಸ್ಟೇಬಲ್‌ನ ಖಾಕಿ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ.